ಚಳಿಗಾಲದ ಎಚ್ಚರಿಕೆ: ಪಂಚಾಯಿತಿ ಒಂದೇ ಪುಟ ಹಂಚುವುದಾದರೆ ಅದರಲ್ಲಿ ಏನಿರಬೇಕು?

ಕಾಫಿಗಂಧ:

ಡಿಸೆಂಬರ್ ಮೊದಲ ವಾರ ಚಳಿಗಾಲದ ಎಚ್ಚರಿಕೆಯ ಒಂದು ಪುಟ ಅಚ್ಚು ಹಾಕಿಸಿ ಮನೆಮನೆಗೆ ಕೊಡುವುದೆಂದು ವಾರ್ಡ್ ಸಭೆಯಲ್ಲಿ ಒಪ್ಪಿಗೆಯಾಗಿದೆ. ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಹಳೆಯ ಸೂಚನೆಗಳನ್ನು ತೆಗೆದು ನೋಡಿದರೆ ಎಲ್ಲದರಲ್ಲೂ ಒಂದೇ ಪಾಠ: ಬೆಚ್ಚಗಿನ ಬಟ್ಟೆ ಹಾಕಿ, ಬಿಸಿನೀರು ಕುಡಿಯಿರಿ, ವಯಸ್ಸಾದವರು ಮುಂಜಾನೆ ಹೊರಗೆ ಬರಬೇಡಿ. ಇಷ್ಟು ಹೇಳಲು ಪಂಚಾಯಿತಿ ಯಾಕೆ, ಮನೆಯಲ್ಲಿ ಅಜ್ಜಿ ಸಾಕು.

ವಾರ್ಡಿನಲ್ಲಿ ಹೆಚ್ಚು ತೋಟದ ಲೈನ್ ಮನೆಗಳು (ಕಾರ್ಮಿಕರಿಗೆ ಸಾಲಾಗಿ ಕಟ್ಟಿದವು), ಎರಡು ಹಾಡಿ (ಆದಿವಾಸಿಗಳ ವಸತಿ), ಉಳಿದದ್ದು ಬೆಳೆಗಾರರ ಮನೆ, ನಾಲ್ಕೈದು ಅಂಗಡಿ. ಕಾಫಿ ಕೊಯ್ಲಿಗೆ ಅಸ್ಸಾಂ, ಜಾರ್ಖಂಡ್ ಕಡೆಯಿಂದ ಬಂದವರೂ ಇದ್ದಾರೆ. ನಮ್ಮ ಕೊಡಗು ಜಿಲ್ಲೆಯಲ್ಲಿ ಚಳಿಗಾಲದಲ್ಲಿ ನಿಜಕ್ಕೂ ಜೀವ ತೆಗೆಯುವುದು ಯಾವುದು, ಅದನ್ನು ಹೇಗೆ ಬರೆದರೆ ಜನ ಪಾಲಿಸುತ್ತಾರೆ, ಪಂಚಾಯಿತಿ ತಾನೇ ಮಾಡಬಹುದಾದ ಕೆಲಸ ಯಾವುದು? ತಿಳಿದವರು ವಿವರವಾಗಿ ಬರೆಯಿರಿ. ಅಳತೆ, ಲೆಕ್ಕ ಇದ್ದರೆ ಇನ್ನೂ ಒಳ್ಳೆಯದು.

---

ಬಚ್ಚಲೊಲೆ:

ಮೊದಲ ಸಾಲು ಕೆಂಡದ ಬಗ್ಗೆ ಇರಲಿ. ಮಡಿಕೇರಿ ಸುತ್ತ ಡಿಸೆಂಬರ್, ಜನವರಿಯಲ್ಲಿ ರಾತ್ರಿ 10–12 ಡಿಗ್ರಿಗೆ ಇಳಿಯುವುದು ಸಾಮಾನ್ಯ. ಆ ಚಳಿಗೆ ಆರೋಗ್ಯವಂತರು ಸಾಯುವುದಿಲ್ಲ. ಚಳಿ ತಡೆಯಲು ಮಾಡಿಕೊಳ್ಳುವ ಏರ್ಪಾಟೇ ಸಾಯಿಸುತ್ತದೆ.

ಏರ್ಪಾಟು ಹೇಗಿರುತ್ತದೆಂದು ಎಲ್ಲರಿಗೂ ಗೊತ್ತು. ಸಂಜೆ ಬಚ್ಚಲೊಲೆಗೆ ಸೌದೆ ಹಾಕಿ ಹಂಡೆ ಕಾಯಿಸುತ್ತಾರೆ. ಎಲ್ಲರ ಸ್ನಾನ ಮುಗಿದ ಮೇಲೆ ಒಲೆಯಲ್ಲಿ ಉಳಿದ ಕೆಂಡವನ್ನು ಕಬ್ಬಿಣದ ಬಾಂಡ್ಲಿಗೆ ಎಳೆದು ಮಲಗುವ ಕೋಣೆಯೊಳಗೆ ಇಡುತ್ತಾರೆ. ಲೈನ್ ಮನೆ ಎಂದರೆ ಒಂದೇ ಕೋಣೆ, ಮೇಲೆ ಶೀಟು. ಗೋಡೆಗೂ ಶೀಟಿಗೂ ನಡುವೆ ಇರುವ ಸಂದಿಯಲ್ಲಿ ಗಾಳಿ ನುಗ್ಗುತ್ತದೆಂದು ಗೋಣಿಚೀಲ ತುರುಕಿರುತ್ತಾರೆ, ಬಾಗಿಲ ಬುಡಕ್ಕೆ ಹಳೇ ಸೀರೆ ಸುತ್ತಿ ಒತ್ತಿರುತ್ತಾರೆ. ಗಾಳಿ ಆಡುತ್ತಿದ್ದ ದಾರಿಯೆಲ್ಲ ಮುಚ್ಚಿತು, ಒಳಗೆ ಕೆಂಡ ಉರಿಯುತ್ತಿದೆ.

ಜನ ತಪ್ಪು ತಿಳಿದಿರುವುದು ಎಲ್ಲಿ ಅಂದರೆ, ‘ಹೊಗೆ ಹೋಗಿದೆ, ಇನ್ನು ಅಪಾಯವಿಲ್ಲ’ ಎನ್ನುವಲ್ಲಿ. ಹೊಗೆ ಇದ್ದಾಗ ಕಣ್ಣುರಿ, ಕೆಮ್ಮು ಬಂದು ಎಚ್ಚರವಾಗುತ್ತದೆ. ಹೊಗೆ ಅಡಗಿ ಕೆಂಡ ಕೆಂಪಗೆ ನಿಗಿನಿಗಿ ಎನ್ನುವಾಗ ಅದರಿಂದ ಕಾರ್ಬನ್ ಮಾನಾಕ್ಸೈಡ್ ಹೇರಳವಾಗಿ ಹೊರಡುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ಗಂಟಲು ಕೆರೆಯುವುದಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಎಚ್ಚರವಿದ್ದವರಿಗೆ ಮೊದಲು ತಲೆನೋವು, ತಲೆಸುತ್ತು, ವಾಂತಿ ಬಂದಂತಾಗುವುದು, ಕಾಲು ಸೋಲುವುದು. ನಿದ್ರೆಯಲ್ಲಿದ್ದವರಿಗೆ ಇದ್ಯಾವುದೂ ತಿಳಿಯದು. ಗೊತ್ತಾಗುವಷ್ಟರಲ್ಲಿ ಎದ್ದು ಬಾಗಿಲು ತೆಗೆಯುವ ಶಕ್ತಿ ಇರುವುದಿಲ್ಲ.

ಪುಟದಲ್ಲಿ ‘ಎಚ್ಚರ ವಹಿಸಿ’ ಎಂದು ಬರೆಯಬೇಡಿ, ಅದು ಏನೂ ಹೇಳುವುದಿಲ್ಲ. ‘ಮಲಗುವ ಕೋಣೆಯಲ್ಲಿ ಕೆಂಡ ಇಡಬೇಡಿ’ ಎಂದು ನೇರವಾಗಿ ಬರೆಯಿರಿ. ಬೇಡ ಎಂದ ಮೇಲೆ ಬದಲಿಗೆ ಏನು ಮಾಡಬೇಕೆಂದೂ ಹೇಳಬೇಕು, ಇಲ್ಲದಿದ್ದರೆ ಆ ಕಾಗದ ಅದೇ ಒಲೆಗೆ ಹೋಗುತ್ತದೆ. ಕೆಳಗೆ ಮಲಗುವವರ ಮೈಶಾಖವನ್ನು ಮೊದಲು ಹೀರುವುದು ಸಿಮೆಂಟ್ ನೆಲ. ಹಾಗಾಗಿ ಮೇಲೆ ಇನ್ನೊಂದು ಕಂಬಳಿ ಹೊದೆಯುವ ಮೊದಲು ಕೆಳಗೆ ಹಾಸಬೇಕು: ಒಣ ಭತ್ತದ ಹುಲ್ಲು ನಾಲ್ಕು ಬೆರಳು ದಪ್ಪ, ಅದರ ಮೇಲೆ ಎರಡು ಪದರ ಗೋಣಿ, ಆಮೇಲೆ ಚಾಪೆ. ಹುಲ್ಲು ತೇವ ಹಿಡಿಯುವುದರಿಂದ ಎರಡು ದಿನಕ್ಕೊಮ್ಮೆ ಬಿಸಿಲಿಗೆ ಹಾಕಬೇಕು. ರಬ್ಬರ್ ಬಿಸಿನೀರಿನ ಚೀಲವನ್ನು ಮುಕ್ಕಾಲು ಭಾಗ ಮಾತ್ರ ತುಂಬಿಸಿ, ಗಾಳಿ ಹೊರಗೆ ಒತ್ತಿ, ಮುಚ್ಚಳ ತಿರುಗಿಸಿ, ಬಟ್ಟೆ ಸುತ್ತಿ ಕಾಲ ಬಳಿ ಇಟ್ಟರೆ ಹಾಸಿಗೆ ಬೆಚ್ಚಗಾಗುತ್ತದೆ. ಎಳೆ ಮಕ್ಕಳ ಮೈಗೆ ತಾಗುವಂತೆ ಮಾತ್ರ ಇಡಬಾರದು.

ಒಲೆಯಿಂದ ತೆಗೆದ ಬೂದಿಯ ಬಗ್ಗೆಯೂ ಒಂದು ಸಾಲು ಬೇಕು. ಬೂದಿಯ ಅಡಿಯ ಕೆಂಡ ಮರುದಿನವೂ ಆರಿರುವುದಿಲ್ಲ. ಅದನ್ನು ಕಾಫಿ ಸಿಪ್ಪೆಯ ರಾಶಿಗೋ ತರಗೆಲೆ ಗುಂಡಿಗೋ ಸುರಿದರೆ ಒಳಗೊಳಗೇ ಕನಲಿ ಎರಡನೇ ದಿನ ಗಾಳಿ ಬೀಸಿದಾಗ ಹೊತ್ತಿಕೊಳ್ಳುತ್ತದೆ. ಮುಚ್ಚಳವಿರುವ ತಗಡಿನ ಡಬ್ಬದಲ್ಲಿ, ಮನೆಯ ಹೊರಗೆ ಇಟ್ಟು, ನೀರು ಹಾಕಿ ಕಲಸಿ, ಕೈಗೆ ಬಿಸಿ ತಾಗದ ಮೇಲೆಯೇ ಸುರಿಯಬೇಕು.

---

ಮಂಜುಹಾದಿ:

ಕಿಟಕಿ ಎರಡು ಬೆರಳು ತೆರೆದಿಟ್ಟರೆ ಕೆಂಡ ಇಡಬಹುದು ಅಂತ ಹಲವರು ಹೇಳುತ್ತಾರಲ್ಲ? ಕೆಂಡವೇ ಬೇಡ ಎಂದರೆ ಹಾಡಿಯಲ್ಲಿ ಯಾರೂ ಕೇಳುವುದಿಲ್ಲ.

---

ಬಚ್ಚಲೊಲೆ:

ಮಂಜುಹಾದಿ ಅವರೇ, ಆ ಎರಡು ಬೆರಳಿನ ಲೆಕ್ಕವೇ ಮೋಸ ಮಾಡುವುದು. ಈ ವಿಷಗಾಳಿಯ ತೂಕ ಹೆಚ್ಚುಕಮ್ಮಿ ಮಾಮೂಲಿ ಗಾಳಿಯಷ್ಟೇ. ಹೊಗೆಯಂತೆ ಮೇಲೇರಿ ಸಂದಿಯಿಂದ ಹೊರಟುಹೋಗುತ್ತದೆ ಎನ್ನುವಂತಿಲ್ಲ, ಕೋಣೆ ತುಂಬ ಬೆರೆತುಕೊಳ್ಳುತ್ತದೆ. ಒಂದೇ ಕಡೆ ಸಣ್ಣ ಸಂದಿ ಇದ್ದರೆ ಗಾಳಿ ಒಳಗೆ ಬಂದು ಹೊರಗೆ ಹೋಗುವ ಓಟವೇ ಇರುವುದಿಲ್ಲ. ಅಲ್ಲದೆ ರಾತ್ರಿ ಎರಡು ಗಂಟೆಗೆ ಚಳಿ ಹೆಚ್ಚಾದಾಗ ಯಾರೋ ಒಬ್ಬರು ಎದ್ದು ಆ ಕಿಟಕಿಯನ್ನೂ ಹಾಕುತ್ತಾರೆ.

ಕೇಳುವುದಿಲ್ಲ ಎಂಬ ನಿಮ್ಮ ಮಾತು ಮಾತ್ರ ನಿಜ. ಆದ್ದರಿಂದ ಹೀಗೆ ಬರೆಯಬಹುದು: ‘ಬೆಂಕಿ ಕಾಯಿಸಿಕೊಳ್ಳುವುದಾದರೆ ಅಂಗಳದಲ್ಲಿ ಅಥವಾ ಬಾಗಿಲು ಪೂರ್ತಿ ತೆರೆದ ಜಗುಲಿಯಲ್ಲಿ. ಮಲಗುವ ಮೊದಲು ಬಾಂಡ್ಲಿ ಹೊರಗೆ.’ ಮಲಗುವ ಹೊತ್ತಿಗೆ ಬಾಂಡ್ಲಿ ಹೊಸ್ತಿಲಾಚೆ ಇರಬೇಕು ಎನ್ನುವುದೊಂದು ಮನಸ್ಸಿನಲ್ಲಿ ನಿಂತರೆ ಸಾಕು. ಬೆಂಕಿಯ ಹತ್ತಿರ ನೈಲಾನ್ ಸೀರೆ, ಪಾಲಿಯೆಸ್ಟರ್ ಶಾಲು ಬೇಡ, ಕಿಡಿ ತಾಗಿದರೆ ಕರಗಿ ಚರ್ಮಕ್ಕೇ ಅಂಟುತ್ತದೆ. ಸುಟ್ಟರೆ ಹರಿಯುವ ತಣ್ಣೀರಿನಡಿ 20 ನಿಮಿಷ ಹಿಡಿಯಬೇಕು. ಟೂತ್‌ಪೇಸ್ಟ್, ಅರಿಶಿನ, ಶಾಯಿ ಯಾವುದನ್ನೂ ಹಚ್ಚಬಾರದು.

ಯಾರಾದರೂ ಕೋಣೆಯಲ್ಲಿ ಎಚ್ಚರತಪ್ಪಿ ಬಿದ್ದಿದ್ದರೆ: ಒಳಗೆ ನುಗ್ಗುವವರು ಮೊದಲು ಬಾಗಿಲು ಕಿಟಕಿ ಎಲ್ಲ ತೆರೆದು, ಉಸಿರು ಹಿಡಿದು, ಬಿದ್ದವರನ್ನು ಹೊರಗೆ ಎಳೆದು ತರಬೇಕು. ಕೆಂಡಕ್ಕೆ ಒಳಗೇ ನೀರು ಸುರಿಯುತ್ತಾ ನಿಲ್ಲಬೇಡಿ. 108ಕ್ಕೆ ಕರೆ ಮಾಡಿ ‘ಕೆಂಡದ ಗಾಳಿ ಕುಡಿದಿದ್ದಾರೆ, ಆಕ್ಸಿಜನ್ ಬೇಕು’ ಎಂದೇ ಹೇಳಬೇಕು. ಇದು ಮುಖ್ಯ, ಏಕೆಂದರೆ ಬೆರಳಿಗೆ ಹಾಕುವ ಪಲ್ಸ್ ಆಕ್ಸಿಮೀಟರ್ ಈ ವಿಷವನ್ನು ಗುರುತಿಸುವುದಿಲ್ಲ. ಕಾರ್ಬನ್ ಮಾನಾಕ್ಸೈಡ್ ಅಂಟಿದ ರಕ್ತವನ್ನೂ ಅದು ಆಮ್ಲಜನಕ ತುಂಬಿದ ರಕ್ತವೆಂದೇ ಓದಿ 97, 98 ತೋರಿಸುತ್ತದೆ. ‘ಆಕ್ಸಿಜನ್ ಸರಿಯಾಗಿದೆ, ಮಲಗಿ’ ಎಂದು ವಾಪಸು ಕಳಿಸುವ ತಪ್ಪು ಇಲ್ಲೇ ಆಗುವುದು. ಬರೀ ಗಾಳಿಯಲ್ಲಿ ಉಸಿರಾಡಿದರೆ ರಕ್ತದಲ್ಲಿರುವ ವಿಷ ಅರ್ಧಕ್ಕೆ ಇಳಿಯಲು ನಾಲ್ಕೈದು ಗಂಟೆ ಬೇಕು, ಮಾಸ್ಕಿನಲ್ಲಿ ಶುದ್ಧ ಆಮ್ಲಜನಕ ಕೊಟ್ಟರೆ ಒಂದು, ಒಂದೂವರೆ ಗಂಟೆ.

ಪೇಟೆ ಮನೆಗಳಿಗೆ ಇದೇ ಗಾಳಿ ಗ್ಯಾಸ್ ಗೀಸರ್ ರೂಪದಲ್ಲಿ ಬರುತ್ತದೆ. ಸಣ್ಣ ಬಚ್ಚಲುಮನೆಯ ಒಳಗೇ ಗೀಸರ್ ಹಾಕಿ ಬಾಗಿಲು ಹಾಕಿಕೊಂಡರೆ, ಉರಿಯುತ್ತಾ ಉರಿಯುತ್ತಾ ಒಳಗಿನ ಆಮ್ಲಜನಕ ಇಳಿದು ನೀಲಿ ಜ್ವಾಲೆ ಹಳದಿಗೆ ತಿರುಗುತ್ತದೆ. ಹಳದಿ ಕಂಡಿತೆಂದರೆ ವಿಷ ಹುಟ್ಟುತ್ತಿದೆ. ಗೀಸರ್ ಹೊರಗೋಡೆಗೆ ಇರಲಿ, ಬಿಸಿನೀರಿನ ಪೈಪ್ ಮಾತ್ರ ಒಳಗೆ ಬರಲಿ. ಈಗಾಗಲೇ ಒಳಗಿದ್ದರೆ, ಬಾಗಿಲು ತೆರೆದು ಬಕೆಟ್ ತುಂಬಿಸಿಕೊಂಡು, ಗೀಸರ್ ಆರಿಸಿ, ಆಮೇಲೆ ಸ್ನಾನ. ಎಕ್ಸಾಸ್ಟ್ ಫ್ಯಾನ್ ಇದೆ ಎಂದು ನಂಬಬೇಡಿ. ಗಾಳಿ ಒಳಬರಲು ಕೆಳಗೆ ಜಾಗವಿಲ್ಲದಿದ್ದರೆ ಅದೇ ಫ್ಯಾನ್ ಸುಟ್ಟ ಗಾಳಿಯನ್ನು ಗೀಸರ್‌ನ ಹೊಗೆಕೊಳವೆಯಿಂದ ಹಿಂದಕ್ಕೆ ಎಳೆಯುತ್ತದೆ. ಗ್ಯಾಸ್ ಸೋರಿದರೆ 1906. ಕರೆಂಟ್ ಹೋದಾಗ ಜಗುಲಿಯಲ್ಲಿ, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಶೆಡ್ಡಿನೊಳಗೆ ಜನರೇಟರ್ ಓಡಿಸುವುದೂ ಇದೇ ಸಾಲಿಗೆ ಸೇರಿದ್ದು.

---

ಫೇಸ್‌ನ್ಯೂಟ್ರಲ್:

ಕರೆಂಟಿನ ಭಾಗ ನಾನು ಬರೆಯುತ್ತೇನೆ. ಇದರಲ್ಲಿ ಎರಡು: ಒಂದು ಬೆಳಗಿನ ಬಿಸಿನೀರು, ಇನ್ನೊಂದು ಕರಿಮೆಣಸಿನ ಏಣಿ. ಏಣಿಯನ್ನು ಚಳಿಗಾಲದ ಸೂಚನೆಯಲ್ಲಿ ಯಾರೂ ಸೇರಿಸುವುದಿಲ್ಲ. ಆದರೆ ಮೆಣಸು ಕೊಯ್ಯುವುದು ಕಾಫಿ ಮುಗಿಯುತ್ತಾ ಬಂದಾಗಲೇ.

ಇಮ್ಮರ್ಶನ್ ರಾಡ್ ಸಾಮಾನ್ಯವಾಗಿ 1500 ವ್ಯಾಟ್. ಎಂದರೆ 6.5 ಆಂಪಿಯರ್. ಸಣ್ಣ 6 ಆಂಪಿಯರ್ ಸಾಕೆಟ್ಟಿಗೆ, ಅದರಲ್ಲೂ ಎಕ್ಸ್‌ಟೆನ್ಶನ್ ಬಾಕ್ಸಿಗೆ ಅದು ಹೆಚ್ಚೇ ಆಯಿತು, 16 ಆಂಪಿಯರ್‌ನ ದೊಡ್ಡ ಸಾಕೆಟ್ ಬೇಕು. ಲೈನ್ ಮನೆಗಳ ಸಮಸ್ಯೆ ಬೇರೆ. ಅಲ್ಲಿ ಒಂದೇ ಕಡೆಯಿಂದ ಎಳೆದ ತಂತಿಯಲ್ಲಿ ಸಾಲಿನ ಎಲ್ಲ ಮನೆ. ಬೆಳಿಗ್ಗೆ ಆರಕ್ಕೆ ಆರು ಮನೆಯಲ್ಲಿ ಒಟ್ಟಿಗೇ ರಾಡ್ ಹಾಕಿದರೆ 9 ಕಿಲೋವ್ಯಾಟ್, ಸುಮಾರು 39 ಆಂಪಿಯರ್. 2.5 ಚದರ ಮಿಲಿಮೀಟರ್ ತಂತಿ ಅದನ್ನು ಹೊರುವುದಿಲ್ಲ. ಫ್ಯೂಸ್ ಹೋಗುತ್ತದೆ. ಮತ್ತೆ ಮತ್ತೆ ಹೋಗುತ್ತದೆಂದು ಯಾರೋ ದಪ್ಪ ತಂತಿ ಸುತ್ತುತ್ತಾರೆ. ಆಮೇಲೆ ಫ್ಯೂಸಿನ ಬದಲು ಗೋಡೆಯ ಮೇಲಿನ ತಂತಿ ಕಾದು ಶೀಟಿನ ಅಡಿಯ ಮರದ ಪಟ್ಟಿಗೆ ಬೆಂಕಿ ಹಿಡಿಯುತ್ತದೆ. ಸರದಿಯಲ್ಲಿ ಹಾಕಿಕೊಂಡರೆ ತೊಂದರೆಯೇನೂ ಇಲ್ಲ: 15 ಲೀಟರ್ ನೀರು 20 ಡಿಗ್ರಿಯಿಂದ 45ಕ್ಕೆ ಬರಲು ಒಂದು ರಾಡಿಗೆ 18–20 ನಿಮಿಷ ಸಾಕು.

ರಾಡ್ ಬಳಸುವ ಕ್ರಮ: ಪ್ಲಾಸ್ಟಿಕ್ ಬಕೆಟ್, ಕಬ್ಬಿಣದ್ದು ಬೇಡ. ನೀರು ರಾಡಿನ ಮೇಲಿನ ಎರಡು ಗುರುತಿನ ನಡುವೆ ಇರಲಿ. ರಾಡ್ ನೀರಿಗೆ ಇಳಿದ ಮೇಲೆ ಪ್ಲಗ್, ಪ್ಲಗ್ ಆದ ಮೇಲೆ ಸ್ವಿಚ್. ತೆಗೆಯುವಾಗ ತಿರುಗುಮುರುಗು. ನೀರು ಬಿಸಿಯಾಯಿತೇ ಎಂದು ಬೆರಳಿಟ್ಟು ನೋಡುವುದು ಪ್ಲಗ್ ಕಿತ್ತ ಮೇಲೆ ಮಾತ್ರ. ಬರೀ ಸ್ವಿಚ್ ಆರಿಸಿದರೆ ಸಾಲದು, ಹಳೇ ವೈರಿಂಗಿನಲ್ಲಿ ಸ್ವಿಚ್ಚನ್ನು ಫೇಸಿನ (ಕರೆಂಟ್ ಬರುವ ತಂತಿ) ಬದಲು ನ್ಯೂಟ್ರಲ್‌ಗೆ (ವಾಪಸು ಹೋಗುವ ತಂತಿ) ಹಾಕಿರುವುದುಂಟು. ಆಗ ಸ್ವಿಚ್ ಆಫ್ ಇದ್ದರೂ ರಾಡಿನಲ್ಲಿ ಫೇಸ್ ಇರುತ್ತದೆ.

ಅರ್ಥಿಂಗ್. ಮಳೆಗಾಲದಲ್ಲಿ ನಮ್ಮ ನೆಲ ಸದಾ ಒದ್ದೆ, ಅರ್ಥಿಂಗ್ ತಾನಾಗಿಯೇ ಚೆನ್ನಾಗಿರುತ್ತದೆ. ಡಿಸೆಂಬರ್ ನಂತರ ಮಣ್ಣು ಒಣಗಿದಂತೆ ಅದು ಕೆಡುತ್ತಾ ಹೋಗುತ್ತದೆ. ರಾಡು, ಹೀಟರು ಓಡುವುದೂ ಇದೇ ಹೊತ್ತಿನಲ್ಲಿ. ಅರ್ಥ್ ಗುಂಡಿಗೆ ವಾರಕ್ಕೆ ಎರಡು ಕೊಡ ನೀರು ಸುರಿಯಿರಿ, ಮೇ ತಿಂಗಳ ತನಕ. 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಬೀಳುವ ಸ್ವಿಚ್) ಹಾಕಿಸಿದ್ದರೆ ತಿಂಗಳಿಗೊಮ್ಮೆ ಅದರ ಟೆಸ್ಟ್ ಗುಂಡಿ ಒತ್ತಿ ನೋಡಿ, ಬೀಳದಿದ್ದರೆ ಅದು ಇದ್ದೂ ಇಲ್ಲದಂತೆ.

ಈಗ ಏಣಿ. ತೋಟದ ಮೇಲೆ ಹಾದುಹೋಗುವ 11 ಕೆವಿ (11,000 ವೋಲ್ಟ್) ಬರಿತಂತಿ, ರಸ್ತೆ ಬಿಟ್ಟು ಬೇರೆ ಕಡೆ, ನೆಲದಿಂದ ಕನಿಷ್ಠ 4.6 ಮೀಟರ್ ಇದ್ದರೆ ನಿಯಮಕ್ಕೆ ಸಾಕು. ಅಂದರೆ 15 ಅಡಿ. ಸಿಲ್ವರ್ ಓಕ್ ಮರದ ಮೆಣಸಿಗೆ ಒಯ್ಯುವ ಅಲ್ಯುಮಿನಿಯಂ ಏಣಿ 25 ಅಡಿ ಇರುತ್ತದೆ. ನೆಟ್ಟಗೆ ನಿಲ್ಲಿಸಿಕೊಂಡು ಮರದಿಂದ ಮರಕ್ಕೆ ನಡೆದರೆ ತಂತಿಗಿಂತ ಹತ್ತು ಅಡಿ ಮೇಲೆ ಹೋಯಿತು. ಅವಘಡ ಆಗುವುದು ಹೆಚ್ಚಾಗಿ ಏಣಿ ಸಾಗಿಸುವಾಗ, ಎತ್ತಿ ನಿಲ್ಲಿಸುವಾಗ. ಕಣ್ಣು ಬಳ್ಳಿಯ ಮೇಲಿರುತ್ತದೆ, ತಂತಿಯ ಮೇಲಲ್ಲ. ಜೊತೆಗೆ ಬೆಳಗಿನ ಮಂಜಿನಲ್ಲಿ ತಂತಿ ಕಾಣುವುದೂ ಇಲ್ಲ.

ಮಾಡಬೇಕಾದ್ದು: ಕೊಯ್ಲಿಗೆ ಮೊದಲು ತಂತಿಯ ಎರಡೂ ಕಡೆ ಅಳೆಯಿರಿ. ಏಣಿಯ ಉದ್ದಕ್ಕೆ ಹತ್ತು ಅಡಿ ಸೇರಿಸಿದಷ್ಟು ದೂರದ ಒಳಗಿರುವ ಎಲ್ಲ ಮರಕ್ಕೂ ಕೆಂಪು ಬಣ್ಣದ ಪಟ್ಟಿ ಬಳಿಯಿರಿ. ಏಣಿ ಜಾರಿ ಯಾವ ಕಡೆ ಬಿದ್ದರೂ ತಂತಿ ಮುಟ್ಟದಷ್ಟು ದೂರ ಅದು. ಕೆಂಪು ಪಟ್ಟಿಯ ಮರಕ್ಕೆ ಅಲ್ಯುಮಿನಿಯಂ ಏಣಿ ಇಲ್ಲ. ಆ ಸಾಲನ್ನು ಕೊಯ್ಯುವ ದಿನ ಲೈನ್ ಆಫ್ ಮಾಡಿಕೊಡಿ ಎಂದು ಚೆಸ್ಕಾಂ (ನಮ್ಮ ವಿದ್ಯುತ್ ಸರಬರಾಜು ಕಂಪನಿ) ಸೆಕ್ಷನ್ ಕಚೇರಿಗೆ ಮೊದಲೇ ಅರ್ಜಿ ಕೊಡಿ. ಬಿದಿರಿನ ಏಣಿ ಇದೆಯಲ್ಲ ಎನ್ನಬೇಡಿ, ಹಸಿ ಬಿದಿರು, ಇಬ್ಬನಿಯಲ್ಲಿ ನೆನೆದ ಬಿದಿರು ಎರಡರಲ್ಲೂ ಕರೆಂಟ್ ಹರಿಯುತ್ತದೆ. ಎಲ್ಲೇ ಆಗಲಿ ಏಣಿಯನ್ನು ಮಲಗಿಸಿ, ಇಬ್ಬರು ಹೊತ್ತು ಸಾಗಿಸಬೇಕು.

ತಗುಲಿಬಿಟ್ಟರೆ ಓಡಿಹೋಗಿ ಹಿಡಿದೆಳೆಯಬೇಡಿ. ‘ಒಣಗಿದ ಕೋಲಿನಿಂದ ತಳ್ಳಿ’ ಎನ್ನುವ ಪಾಠ ಮನೆಯ 230 ವೋಲ್ಟಿಗೆ, 11,000 ವೋಲ್ಟಿಗಲ್ಲ. ಹತ್ತು ಮೀಟರ್ ದೂರ ನಿಂತು 1912ಕ್ಕೆ ಕರೆ ಮಾಡಿ ಲೈನ್ ಆಫ್ ಮಾಡಿಸಬೇಕು. ನೆಲಕ್ಕೆ ಬಿದ್ದ ತಂತಿಯ ಹತ್ತಿರ ಸಿಕ್ಕಿಕೊಂಡಿದ್ದರೆ ಎರಡು ಕಾಲು ಜೋಡಿಸಿ, ನೆಲದಿಂದ ಎತ್ತದೆ, ಪಾದ ಜಾರಿಸುತ್ತಾ ಹೊರಬನ್ನಿ. ದೊಡ್ಡ ಹೆಜ್ಜೆ ಹಾಕಿದರೆ ಎರಡು ಪಾದಗಳ ನಡುವಿನ ವೋಲ್ಟೇಜ್ ವ್ಯತ್ಯಾಸವೇ ಕೆಡವುತ್ತದೆ.

---

ಮಂಜುಹಾದಿ:

ರಸ್ತೆಗೆ ಹೆಚ್ಚು ಜಾಗ ಬೇಡ, ನಾಲ್ಕು ಸಾಲು ಸಾಕು. ಮಂಜಿನಲ್ಲಿ ಹೈಬೀಮ್ ಹಾಕಿದರೆ ಬೆಳಕು ಮಂಜಿಗೆ ಬಡಿದು ನಿಮ್ಮ ಕಣ್ಣಿಗೇ ವಾಪಸು, ಡಿಪ್ಪಿನಲ್ಲೇ ಓಡಿಸಬೇಕು. ಓಡುತ್ತಿರುವಾಗ ನಾಲ್ಕೂ ಇಂಡಿಕೇಟರ್ ಮಿನುಗಿಸಬೇಡಿ, ಹಿಂದಿನವನಿಗೆ ನೀವು ನಿಂತಿದ್ದೀರೋ ತಿರುಗುತ್ತಿದ್ದೀರೋ ತಿಳಿಯುವುದಿಲ್ಲ. 30 ಮೀಟರ್ ಮುಂದಕ್ಕೆ ಕಾಣುತ್ತಿದ್ದರೆ 30 ಕಿ.ಮೀ. ವೇಗ ಮೀರಬೇಡಿ. ಒದ್ದೆ ರಸ್ತೆಯಲ್ಲಿ 40ರಲ್ಲಿ ಬ್ರೇಕ್ ಹಾಕಿದರೆ ಗಾಡಿ ನಿಲ್ಲುವಷ್ಟರಲ್ಲಿ ಆ 30 ಮೀಟರ್ ಮುಗಿದಿರುತ್ತದೆ. ಸಂಪಾಜೆ ಘಾಟಿಯಲ್ಲಾಗಲಿ ಮಾಕುಟ್ಟದಲ್ಲಾಗಲಿ ತಿರುವಿನಲ್ಲಿ ಗಾಡಿ ನಿಲ್ಲಿಸಿ ಫೋಟೊ ತೆಗೆಯುವವರಿಗೆ ಏನು ಹೇಳಿದರೂ ಅಷ್ಟೆ.

ಆನೆ ವಿಷಯ ಬರೆಯಲೇಬೇಕು. ಕೊಯ್ಲಿನವರು ಬೆಳಗಿನ ಮಂಜಿನಲ್ಲೇ ತೋಟಕ್ಕೆ ಹೊರಡುತ್ತಾರೆ. ಆನೆ ಆ ಹೊತ್ತಿಗೆ ಇನ್ನೂ ತೋಟದ ಕೆರೆ ಬಿಟ್ಟಿರುವುದಿಲ್ಲ. ಗಿಡಗಳ ನಡುವೆ ಇಪ್ಪತ್ತು ಅಡಿಯಲ್ಲಿ ನಿಂತಿದ್ದರೂ ಕಾಣುವುದಿಲ್ಲ. ಮಂಜು ಹರಿದ ಮೇಲೆ, ಗುಂಪಾಗಿ, ಹಿಂದಿನ ರಾತ್ರಿ ಆನೆ ಎಲ್ಲಿತ್ತೆಂದು ವಿಚಾರಿಸಿಕೊಂಡೇ ಒಳಗೆ ಕಾಲಿಡಬೇಕು. ಅರಣ್ಯ ಇಲಾಖೆ ಸಹಾಯವಾಣಿ 1926.

---

ಕಡತಕಪಾಟು:

ಪಂಚಾಯಿತಿ ಏನು ಮಾಡಬಹುದು ಎಂಬ ಪ್ರಶ್ನೆಗೆ ಇನ್ನೂ ಯಾರೂ ಕೈ ಹಾಕಿಲ್ಲ.

ಗ್ರಾಮ ರಸ್ತೆಯ ತಿರುವುಗಳಲ್ಲಿ ಕಾಡು ಸವರುವುದು, ಮೋರಿಯ ಕಟ್ಟೆಗಳಿಗೆ ಬಿಳಿ ಬಳಿಯುವುದು, ಬೀದಿದೀಪ, ಇವು ಪಂಚಾಯಿತಿಯ ಸ್ವಂತ ನಿಧಿಯಲ್ಲೇ ಆಗುವ ಕೆಲಸ. ಬರೀ ಸುಣ್ಣ ಬಳಿದರೆ ಇಬ್ಬನಿಗೆ ಇಳಿದುಹೋಗುತ್ತದೆ, ಪ್ರತಿಫಲಿಸುವ ಬಣ್ಣ ಅಥವಾ ಟೇಪು ಹಾಕಿಸಿ. ಹೆದ್ದಾರಿ ಪಂಚಾಯಿತಿಗೆ ಸೇರಿದ್ದಲ್ಲ, ಅಲ್ಲಿ ಪತ್ರ ಬರೆಯುವುದಷ್ಟೇ. ಬೀದಿದೀಪದ ಟೈಮರ್ ಬೆಳಿಗ್ಗೆ ಆರಕ್ಕೆ ಆರಿಸುವಂತೆ ಇಟ್ಟಿದ್ದರೆ ಡಿಸೆಂಬರ್, ಜನವರಿಯಲ್ಲಿ ಏಳರ ತನಕ ಮುಂದೂಡಿ. ಆ ಒಂದು ಗಂಟೆಯ ಕರೆಂಟ್ ಬಿಟ್ಟರೆ ಬೇರೆ ಖರ್ಚಿಲ್ಲದ ಕೆಲಸ ಅದು.

ಲೈನ್ ಮನೆಯ ವೈರಿಂಗ್ ತೋಟದವರ ಹೊಣೆ, ಪಂಚಾಯಿತಿ ಕೈ ಹಾಕುವಂತಿಲ್ಲ. ಆದರೆ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಸಹಿಯಿರುವ ಒಂದು ಪತ್ರ ಪ್ರತಿ ತೋಟಕ್ಕೂ ಹೋಗಲಿ: ಫ್ಯೂಸ್ ಕಟ್ಟಿದ ತಂತಿ ಪರೀಕ್ಷಿಸಿ, ಅರ್ಥಿಂಗ್ ನೋಡಿಸಿ, ಕೆಂಪು ಪಟ್ಟಿ ಬಳಿಸಿ. ಸ್ವೀಕೃತಿ ಸಹಿ ಪಡೆದು ಕಡತದಲ್ಲಿಡಿ. ಸಹಿ ಹಾಕಿದವರು ಕೆಲಸವನ್ನೂ ಸ್ವಲ್ಪ ಮಾಡಿಸುತ್ತಾರೆ.

ಇನ್ನು ಹಂಚುವ ವಿಧಾನ. ಮನೆಮನೆಗೆ ಕಾಗದ ಕೊಟ್ಟರೆ ಓದುವವರು ಅರ್ಧ. ಕಸದ ಗಾಡಿಯಲ್ಲಿ ಮೈಕ್ ಇದೆ, ವಾರಕ್ಕೆ ಎರಡು ಮೂರು ಸಲ ಎಲ್ಲ ಕಡೆ ಸುತ್ತುತ್ತದೆ. ಹಾಡಿನ ಬದಲು 40 ಸೆಕೆಂಡಿನ ಧ್ವನಿಮುದ್ರಣ ಹಾಕಿಸಿ. ಕನ್ನಡದಲ್ಲೊಂದು, ಹಿಂದಿಯಲ್ಲೊಂದು, ಹಾಡಿಗಳಿಗೆ ಅವರದೇ ಮಾತಿನಲ್ಲಿ ಅಲ್ಲಿನವರೇ ಹೇಳಿದ್ದೊಂದು. ತೋಟಗಳಲ್ಲಿ ಬೆಳಿಗ್ಗೆ ಹಾಜರಿ ಹಾಕುವಾಗ ರೈಟರ್ ಅಥವಾ ಮೇಸ್ತ್ರಿ ಒಮ್ಮೆ ಓದಿ ಹೇಳಲಿ. ಗೋಣಿಕೊಪ್ಪದ ಭಾನುವಾರದ ಸಂತೆಗೆ, ಮಡಿಕೇರಿಯ ಶುಕ್ರವಾರದ ಸಂತೆಗೆ ಹೊರಡುವ ಜೀಪು, ಆಟೊಗಳ ಹಿಂಬದಿಗೆ ಅಂಟಿಸಿ. ಆಶಾ ಕಾರ್ಯಕರ್ತೆಯರಿಗೆ ಹೇಳಿದರೆ ಬಾಣಂತಿ, ಹಸುಗೂಸು ಇರುವ ಮನೆಗಳ ಪಟ್ಟಿ ಅವರ ಬಳಿ ಇರುತ್ತದೆ. ಕೆಂಡ ಒಳಗೆ ಬರುವುದು ಮೊದಲು ಆ ಮನೆಗಳಿಗೇ.

---

ಕಾಫಿಗಂಧ:

ಎಲ್ಲರಿಗೂ ಧನ್ಯವಾದ. ಏಣಿಯ ವಿಷಯ ನನ್ನ ತಲೆಗೇ ಹೊಳೆದಿರಲಿಲ್ಲ. ಹೀಗೆ ಶುರು ಮಾಡಿದ್ದೇನೆ, ತಪ್ಪಿದ್ದರೆ ಹೇಳಿ:

‘ಮುಚ್ಚಿದ ಕೋಣೆಯಲ್ಲಿ ಇಂಗಾಲದ ಮಾನಾಕ್ಸೈಡ್ ಅನಿಲ ಸಂಗ್ರಹವಾಗಿ ಪ್ರಾಣಾಪಾಯ ಉಂಟಾಗುವ ಸಂಭವವಿರುವುದರಿಂದ ಸಾರ್ವಜನಿಕರು ಸೂಕ್ತ ಗಾಳಿ ವ್ಯವಸ್ಥೆ ಮಾಡಿಕೊಳ್ಳತಕ್ಕದ್ದು.’

ಹಾಗೆಯೇ, ಕಾರ್ಬನ್ ಮಾನಾಕ್ಸೈಡ್ ಅಲಾರಂ ಸಿಗುತ್ತದಂತೆ. ಪಂಚಾಯಿತಿಯಿಂದ ಕೊಂಡು ಹಾಡಿಗಳಿಗೆ ಕೊಡಬಹುದೇ?

---

ಬಚ್ಚಲೊಲೆ:

ಅಲಾರಂ ಒಳ್ಳೆಯದೇ. ಇಎನ್ 50291 (ಇಂಥ ಅಲಾರಂಗಳ ಯುರೋಪಿನ ಮಾನದಂಡ) ಗುರುತಿರುವುದನ್ನೇ ನೋಡಿ ಕೊಳ್ಳಬೇಕು. ಅದು ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಈ ವಿಷ 50 ಪಾಲಿದ್ದರೆ 60ರಿಂದ 90 ನಿಮಿಷದೊಳಗೆ, 100 ಇದ್ದರೆ 10ರಿಂದ 40 ನಿಮಿಷದೊಳಗೆ, 300 ಆದರೆ ಮೂರು ನಿಮಿಷದೊಳಗೆ ಕೂಗಬೇಕು. ಹೊಗೆ ಅಲಾರಂ ಈ ಕೆಲಸಕ್ಕೆ ಬರುವುದಿಲ್ಲ, ಅಂಗಡಿಯಲ್ಲಿ ಎರಡನ್ನೂ ಒಂದೇ ಎಂದು ಕೊಡುತ್ತಾರೆ. ಮಲಗಿದವರ ತಲೆಯ ಎತ್ತರದಲ್ಲಿ ಇಡಬೇಕು. ಆದರೆ ಬ್ಯಾಟರಿ ಬದಲಿಸುವವರು ಯಾರು, ಕೆಲವು ವರ್ಷಕ್ಕೆ ಸೆನ್ಸರ್ ಮುಗಿದಾಗ ನೋಡುವವರು ಯಾರು ಎಂದು ಗೊತ್ತಿಲ್ಲದೆ ಹಂಚಿದರೆ ಸತ್ತ ಡಬ್ಬವನ್ನು ನಂಬಿ ಕೆಂಡ ಒಳಗಿಡುತ್ತಾರೆ. ಆ ದುಡ್ಡಿಗೆ ಮೊದಲು ಕಂಬಳಿ, ಬಿಸಿನೀರಿನ ಚೀಲ ಕೊಡಿಸಿ.

ನಿಮ್ಮ ವಾಕ್ಯ ಪಿಡಿಒಗೆ ಹಿಡಿಸುತ್ತದೆ, ಬಾಂಡ್ಲಿ ಹಿಡಿದವರಿಗೆ ಅರ್ಥವಾಗುವುದಿಲ್ಲ. ಜೊತೆಗೆ ‘ಸೂಕ್ತ ಗಾಳಿ ವ್ಯವಸ್ಥೆ’ ಎಂದರೆ ಮತ್ತೆ ಅದೇ ಎರಡು ಬೆರಳಿನ ಕಿಟಕಿಗೆ ಬಂದಿರಿ. ಹೀಗೆ ಬರೆಯಿರಿ:

‘ಹೊಗೆ ಇಲ್ಲದ ಕೆಂಡದಲ್ಲೂ ವಿಷಗಾಳಿ ಇರುತ್ತದೆ. ವಾಸನೆ ಬರುವುದಿಲ್ಲ. ಮಲಗುವ ಮೊದಲು ಬಾಂಡ್ಲಿ ಹೊರಗೆ ಇಡಿ.’

ಪಕ್ಕದಲ್ಲಿ ಚಿತ್ರ: ಮುಚ್ಚಿದ ಬಾಗಿಲು, ಹೊರಗೆ ಬಾಂಡ್ಲಿ, ಒಳಗೆ ಮಲಗಿದವರು. ಹಿಂದಿ ಧ್ವನಿಮುದ್ರಣದಲ್ಲಿ ‘ಅಂಗೀಠಿ’ ಎನ್ನಿ, ಆ ಕಡೆಯಿಂದ ಬಂದವರಿಗೆ ತಕ್ಷಣ ಹೊಳೆಯುವ ಮಾತು ಅದು.

---

ಫೇಸ್‌ನ್ಯೂಟ್ರಲ್:

ಮೆಣಸಿನ ಏಣಿಯನ್ನು ಡಿಸೆಂಬರ್ ಪುಟದಲ್ಲಿ ಹಾಕಿದರೆ ಕೊಯ್ಯುವ ಹೊತ್ತಿಗೆ ಮರೆತಿರುತ್ತಾರೆ. ಅದನ್ನು ಬೇರೆ ಚೀಟಿ ಮಾಡಿ ಜನವರಿ ಕೊನೆಗೆ ಕೊಡಿ, ಏಣಿ ಬಾಡಿಗೆಗೆ ಕೊಡುವವರ ಬಳಿಯೂ ಒಂದು ಕಟ್ಟು ಇಟ್ಟುಬನ್ನಿ. 1912 ಅನ್ನು ಏಣಿಯ ಮೇಲೇ ಪೇಂಟಿನಲ್ಲಿ ಬರೆಸಿದರೆ ಚೀಟಿ ಹುಡುಕುವ ಕೆಲಸವೂ ಇಲ್ಲ.